ನೂರ ಇಪ್ಪತ್ತೆಂಟು ಹೇರು ಮಣ್ಣು

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವರು ನಮ್ಮ ಅಂಗಳಕ್ಕೆ ಬಂದರೆ ಎಲ್ಲವನ್ನೂ ಹೇಳುತ್ತಿದ್ದರು. ಬಾಗಿಲು ಯಾವ ದಿಕ್ಕಿಗೆ, ತೊಲೆ ಯಾವ ಮರದ್ದು, ಮನೆ ತುಂಬುವ ದಿನ ಯಾವ ಮಠದ ಸ್ವಾಮಿಗಳ ಪಾದಪೂಜೆ, ಹೋಳಿಗೆಗೆ ಎಷ್ಟು ಕಡಲೆಬೇಳೆ ನೆನೆ ಹಾಕಬೇಕು, ಎಲ್ಲ. ಕೆಡವಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ನಾನಾಗಿಯೇ ಕೇಳಿದರೆ, “ಒಯ್ದು ಎಲ್ಲ್ಯಾರ ಒಗೀರಿ” ಅನ್ನುತ್ತಿದ್ದರು. ಈ ‘ಎಲ್ಲ್ಯಾರ’ ಅನ್ನುವ ಊರು ಯಾವ ತಾಲೂಕಿನಾಗ ಅದರಿ ಎಂದು ನಾನು ತಿರುಗಿ ಕೇಳಿದರೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅದೇ ನನ್ನ ಕಸುಬು.

ಬೀದರದಲ್ಲಿ ನಮ್ಮ ಅಪ್ಪನಿಗೆ ಎಂಟು ಕತ್ತೆಗಳಿದ್ದವು. ನಿಜಾಮರ ಕಾಲ, ರೈಲು ಇನ್ನೂ ಬಂದಿರಲಿಲ್ಲ. ಹಳೇ ಊರಿನ ಗಲ್ಲಿಗಳಲ್ಲಿ ಎತ್ತಿನ ಬಂಡಿ ಒಳಗೆ ಹೋದರೆ ಹಿಂದಕ್ಕೇ ಬರಬೇಕು, ತಿರುಗಲು ಜಾಗವಿಲ್ಲ. ಹಾಗಾಗಿ ಮನೆ ಕೆಡವಿದ ಮಣ್ಣು ಹೊರಲು ಕತ್ತೆಯೇ ಗತಿ. ಬೆನ್ನಿನ ಎರಡೂ ಬದಿಗೆ ಜೋತು ಬೀಳುವ ಗೋಣಿಯ ಹಸಿಬೆ ತುಂಬಿದರೆ ಅದು ಒಂದು ಹೇರು. ಅಪ್ಪನ ಸೊಂಟ ಒಂದು ಗೋಡೆ ಬಿದ್ದು ಮುರಿದ ಮೇಲೆ ಆ ಕತ್ತೆಗಳು ನನ್ನ ಪಾಲಿಗೆ ಬಂದವು. ಗಂಡ ಭಾಲ್ಕಿಯವನು, ಮನೆ ಅಳಿಯನಾಗಿ ಬಂದವನು. ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ.

ಮಣ್ಣು ಹೊರುವುದು ದೊಡ್ಡ ವಿದ್ಯೆಯಲ್ಲ ಅಂದುಕೊಂಡವರಿಗೆ ಹೇಳುತ್ತೇನೆ. ಗುದ್ದಲಿ ತಾಗಿಸುವ ಮೊದಲು ನಾನು ಮಾಳಿಗೆ ಹತ್ತಿ ಒಂದು ಕಬ್ಬಿಣದ ಸಲಾಕೆಯನ್ನು ಊರಿ ನೋಡುತ್ತಿದ್ದೆ. ನಮ್ಮ ಕಡೆಯ ಮಾಳಿಗೆಗೆ, ಅಂದರೆ ಮಣ್ಣಿನ ಸಪಾಟು ಚಾವಣಿಗೆ, ವರ್ಷ ಬಿಟ್ಟು ವರ್ಷ ಮಳೆಗಾಲದ ಮುಂಚೆ ಬಿಳಿ ಮಣ್ಣು ಹಾಕುತ್ತಾರೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಹಾಕಿದ್ದು, ಅಪ್ಪ ಹಾಕಿದ್ದು, ಎಲ್ಲ ಸೇರಿ ಮೊಳ ದಪ್ಪ. ಆ ಬಿಳಿ ಮಣ್ಣನ್ನು ಜರಡಿ ಹಿಡಿದು ಬೇರೆಯವರ ಮಾಳಿಗೆಗೆ ಕಳಿಸಬೇಕು. ಗೋಡೆಯ ಮಣ್ಣು ಉಪ್ಪು ಹಿಡಿದದ್ದು, ಹೊಲಕ್ಕೆ ಒಳ್ಳೆಯ ಗೊಬ್ಬರ. ಔರಾದ ಕಡೆಯ ಒಕ್ಕಲಿಗರು ಬೇಸಿಗೆಯಲ್ಲಿ ಬಂಡಿ ಕಟ್ಟಿಕೊಂಡು ಬಂದು ಊರ ಬಾಗಿಲಲ್ಲಿ ನಿಲ್ಲುತ್ತಿದ್ದರು, ನಾವು ಅಲ್ಲಿಯವರೆಗೆ ಹೊತ್ತು ಸುರಿಯಬೇಕು. ನಮ್ಮ ನೆಲದಲ್ಲಿ ಕಡಿಯುವ ಕೆಂಪು ಜಂಬು ಕಲ್ಲು ಇಡಿಯಾಗಿ ಸಿಕ್ಕರೆ ಮತ್ತೆ ಗೋಡೆಗೆ. ಉಳಿದದ್ದು ಕಲ್ಲಿನ ಚೂರು, ಗಚ್ಚಿನ ಹೆಂಟೆ. ಅದನ್ನು ಯಾರೂ ಕೇಳುವುದಿಲ್ಲ, ಅದಕ್ಕೊಂದು ಗುಂಡಿ ಹುಡುಕಬೇಕು. ಯಾವುದು ಮೊದಲು ಇಳಿಯುತ್ತದೆ, ಅದನ್ನು ಒಯ್ಯುವವರು ಅಂದು ಬಂದಿರುತ್ತಾರೋ ಇಲ್ಲವೋ, ಇದನ್ನು ಕೂಡಿಸದೆ ಕೆಡವಲು ಕೂತರೆ ಗಲ್ಲಿ ಮುಚ್ಚಿಹೋಗುತ್ತದೆ.

ಗುಂಡಿಯ ವಿಷಯದಲ್ಲಿ ಅಪ್ಪನದೊಂದು ನೇಮವಿತ್ತು. ಸುರಿಯುವ ಮೊದಲು ಆ ಜಾಗದಲ್ಲಿ ಒಂದು ಪೂರ್ತಿ ಹಗಲು ಕೂತಿರಬೇಕು. ಯಾರು ಬರುತ್ತಾರೆ, ಅಲ್ಲಿ ಏನು ಮಾಡುತ್ತಾರೆ, ನೋಡಬೇಕು. ಬಂದವರನ್ನು ಕೇಳಬೇಕು. “ಯಾರದ್ದೂ ಅಲ್ಲದ ಜಾಗ ಅಂಬೋದು ಇರಂಗಿಲ್ಲವ್ವಾ” ಅನ್ನುತ್ತಿದ್ದ. ಅಪ್ಪ ಕೂಡುತ್ತಿದ್ದ, ಎಲೆ ಅಡಿಕೆ ಹಾಕಿಕೊಂಡು, ಬಂದವರೊಡನೆ ಹರಟೆ ಹೊಡೆದುಕೊಂಡು. ಕೆಲಸಗಳ್ಳತನಕ್ಕೆ ಇದೊಂದು ನೆವ ಎಂದು ನಾನು ಒಳಗೊಳಗೇ ಅಂದುಕೊಂಡದ್ದುಂಟು.

ಕತ್ತೆಗಳು ಸಂಜೆ ನೀರು ಕುಡಿಯುತ್ತಿದ್ದದ್ದು ಎಲೆತೋಟದ ಬೂಬುವಿನ ತೊಟ್ಟಿಯಲ್ಲಿ. ನಮ್ಮಲ್ಲಿ ಮುಸಲ್ಮಾನರ ಹಿರಿ ಹೆಂಗಸರನ್ನು ಬೂಬು ಎಂದೇ ಕರೆಯುವುದು. ಗಂಡ ಸತ್ತ ಮೇಲೆ ಹನ್ನೆರಡು ಸಾಲು ವೀಳ್ಯದ ಬಳ್ಳಿಯನ್ನು ಒಬ್ಬಳೇ ನೋಡಿಕೊಂಡು ಬದುಕಿದವಳು. ಆ ಬಳ್ಳಿಗೆ ದಿನಾ ನೀರು ಬೇಕು, ಎಂಟು ದಿನ ತಪ್ಪಿದರೆ ಮುಗಿಯಿತು. ಅವಳ ತೊಟ್ಟಿಗೆ ನೀರು ಬರುತ್ತಿದ್ದದ್ದು ಸುರಂಗದಿಂದ. ಹಳೆಯ ಕಾಲದಲ್ಲಿ ಯಾವನೋ ಪುಣ್ಯಾತ್ಮ ನೆಲದೊಳಗೆ ಕಲ್ಲು ಕೊರೆದು, ದಿಬ್ಬದ ಕಡೆಯಿಂದ ಊರ ಕೆಳಗಿನವರೆಗೆ ಒಂದು ಕಾಲುವೆ ತಂದಿದ್ದ. ಅಲ್ಲಲ್ಲಿ ಮೇಲಕ್ಕೆ ಬಾವಿಯಂಥ ಬಾಯಿಗಳನ್ನು ಬಿಟ್ಟಿದ್ದ. ಎಂಥ ಬಿಸಿಲಿಗೂ ಆ ನೀರು ನಿಲ್ಲುತ್ತಿರಲಿಲ್ಲ. ಕತ್ತೆಗಳು ಕುಡಿಯುವಷ್ಟು ಹೊತ್ತು ಬೂಬು ನನಗೊಂದು ಎಲೆ ಹರಿದು, ಸುಣ್ಣ ಹಚ್ಚಿ ಕೊಡುತ್ತಿದ್ದಳು. ದಿನಕ್ಕೆ ಒಂದು. ಎರಡನೆಯದು ಕೇಳಿದರೆ ಕೈ ಮೇಲೆ ಹೊಡೆಯುತ್ತಿದ್ದಳು.

ಆ ವರ್ಷ ಒಬ್ಬ ಬೇಳೆ ವ್ಯಾಪಾರಿ ತನ್ನ ಹಳೆಯ ಮನೆಯ ಹಿಂಭಾಗ ಕೆಡವಲು ನಮ್ಮನ್ನು ಕರೆದ. ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಮುಂಚೆ ಹೊಸ ಮಾಳಿಗೆ ಆಗಬೇಕು ಅಂದ. ನಾನು ಲೆಕ್ಕ ಕೂಡಿಸಿದೆ: ಗೋಡೆ ಮಣ್ಣು ಔರಾದದವರಿಗೆ, ಚೂರು ಭಾಲ್ಕಿ ದಾರಿಯ ಹಳೇ ಕಲ್ಲು ಗಣಿಗೆ. ಔರಾದದವರು ಬಂಡಿ ತರುತ್ತೇವೆಂದು ಮಾತು ಕೊಟ್ಟರು. ಕೆಡವಿದೆವು. ಮಣ್ಣು ಗಲ್ಲಿಗೆ ಬಂತು. ಬಂಡಿ ಬರಲಿಲ್ಲ.

ನಾಲ್ಕು ದಿನ ಕಾದ ಮೇಲೆ ಸಂತಪುರದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನೊಬ್ಬ ಸುದ್ದಿ ತಂದ. ಆ ಕಡೆ ದೊಡ್ಡ ಮಳೆಯಾಗಿದೆಯಂತೆ, ಎಲ್ಲರೂ ಕುಂಟೆ ಹೊಡೆಯಲು ಹೊಲಕ್ಕೆ ಇಳಿದಿದ್ದಾರಂತೆ, ಈ ವರ್ಷ ಮಣ್ಣು ಬೇಡವಂತೆ. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಗಲ್ಲಿಯಲ್ಲಿ ನನ್ನ ಎದೆಮಟ್ಟದ ಗುಡ್ಡೆ. ಮರುದಿನ ಅದೇ ಗಲ್ಲಿಯಲ್ಲಿ ಒಬ್ಬ ಮುದುಕ ತೀರಿಕೊಂಡ. ಹೊತ್ತವರು ಗುಡ್ಡೆ ಹತ್ತಿ ಇಳಿಯಬೇಕಾಯಿತು. ಒಬ್ಬನ ಕಾಲು ಜಾರಿತು, ಹೆಣ ವಾಲಿತು. ಹಿಂದೆ ಅಳುತ್ತ ಬರುತ್ತಿದ್ದ ಮುದುಕನ ಮಗಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ನಾಚಿಕೆಗೆ ನನ್ನಲ್ಲಿ ಒಂದೇ ಔಷಧ, ಸಿಟ್ಟು. ಇವತ್ತೇ ಇದನ್ನು ಎತ್ತುತ್ತೇನೆ ಎಂದು ಹೊರಟೆ. ಕಲ್ಲು ಗಣಿಗೆ ಹೋದರೆ ದಿನಕ್ಕೆ ಎರಡು ಸರತಿ. ಊರ ಕೆಳಗೆ, ಸೀತಾಫಲದ ಪೊದೆಗಳ ನಡುವೆ ನನಗೊಂದು ಹಾಳು ಬಾವಿ ಗೊತ್ತಿತ್ತು. ಸುತ್ತ ಕಟ್ಟೆಯಿಲ್ಲ, ಹಗ್ಗ ಉಜ್ಜಿದ ಗುರುತಿಲ್ಲ, ಎಕ್ಕೆ ಗಿಡ ಬಾಯಿಗೇ ಬೆಳೆದಿತ್ತು. ಅಲ್ಲಿಗೆ ದಿನಕ್ಕೆ ಎಂಟು ಸರತಿ ಸಲೀಸು. ಒಂದು ಕಲ್ಲು ಎಸೆದು ಕಿವಿಗೊಟ್ಟೆ. ಧಪ್ ಅಂದಿತು, ನೀರಿನ ಸದ್ದಲ್ಲ. ಗಂಡ ಕತ್ತೆಯ ಹಗ್ಗ ಹಿಡಿದು ನಿಂತವನು, “ಮಾವ ಒಂದಿನ ಕೂಡಂತಾನಲ್ಲ?” ಅಂದ. ವರ್ಷಕ್ಕೆ ನಾಲ್ಕು ಮಾತಾಡುವವನು ಅವತ್ತು ಒಂದನ್ನು ಖರ್ಚು ಮಾಡಿದ್ದ. “ನೀ ಬೇಕಾದ್ರ ಕೂಡು, ಮಿರಗ ಕೂಡ್ತದೇನ?” ಅಂದೆ. ಅವನು ಹಸಿಬೆ ಬಿಚ್ಚಿದ.

ಎಂಟು ಕತ್ತೆ, ದಿನಕ್ಕೆ ಎಂಟು ಸರತಿ, ಎರಡು ದಿನ. ನೂರ ಇಪ್ಪತ್ತೆಂಟು ಹೇರು. ಗಲ್ಲಿ ಗುಡಿಸಿದ ಹಾಗಾಯಿತು. ಆ ಎರಡು ಸಂಜೆ ಕತ್ತೆಗಳಿಗೆ ವ್ಯಾಪಾರಿಯ ಮನೆಯಲ್ಲೇ ನೀರು ಕುಡಿಸಿದೆ, ತಡವಾಗಿತ್ತು. ಮೂರನೆಯ ಸಂಜೆ ಬೂಬುವಿನ ತೋಟಕ್ಕೆ ಹೋದೆ. ಮುಂದಿನ ಕತ್ತೆ ತೊಟ್ಟಿಗೆ ಮೂತಿ ಇಟ್ಟು, ತೆಗೆದು, ನನ್ನ ಕಡೆ ನೋಡಿತು. ತೊಟ್ಟಿಯ ತಳದಲ್ಲಿ ಅಂಗೈಯಷ್ಟು ಕೆಸರು. ಎಂಟೂ ಕತ್ತೆಗಳು ಸಾಲಾಗಿ ನಿಂತವು, ಈಗ ಬರುತ್ತದೆ ಎಂಬಂತೆ.

ಬೂಬು ಬಳ್ಳಿಯ ಬುಡದಲ್ಲಿ ಕೂತಿದ್ದಳು. ಪಕ್ಕದ ತೋಟದ ಇಬ್ಬರು ಬಂದಿದ್ದರು. ಸುರಂಗ ಎಲ್ಲಿ ಕಟ್ಟಿದೆ ಎಂದು ನೋಡಲು ಅವರಲ್ಲೊಂದು ಪದ್ಧತಿ: ಮೇಲಿನ ಬಾಯಿಂದ ಜೋಳದ ಹೊಟ್ಟು ಬಿಡುವುದು, ಕೆಳಗಿನ ಬಾಯಿಗಳಲ್ಲಿ ಒಂದೊಂದಾಗಿ ಇಣುಕಿ ಅದು ತೇಲಿ ಬಂತೋ ನೋಡುವುದು. ಅವತ್ತು ಬೆಳಿಗ್ಗೆ ಬಿಟ್ಟ ಹೊಟ್ಟು ಬಂದೇ ಇರಲಿಲ್ಲ. “ಮ್ಯಾಲ ನೀರು ಏರ್ಯಾದ, ಕೆಳಗ ಒಣಗ್ಯಾದ. ಸೀತಾಫಲದ ಕಂಟಿ ಹತ್ರನೇ ಎಲ್ಲೋ ಸುರಂಗದ ಮ್ಯಾಲಿನ ಛತ್ತ ಕುಸಿದದ” ಅಂದ ಒಬ್ಬ. “ಮುದಿ ಸುರಂಗ. ನನ್ನಂಗ” ಅಂದಳು ಬೂಬು.

ಸೀತಾಫಲದ ಕಂಟಿ ಅಂದದ್ದು ನನ್ನ ಕಿವಿಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ಸೆರಗಿನ ಮಣ್ಣು ಝಾಡಿಸಿಕೊಂಡೆ. ಅದು ಹಾಳು ಬಾವಿಯಲ್ಲ, ಸುರಂಗದ ಬಾಯಿ. ತಳದಲ್ಲಿ ಹೂಳು ಕೂತು ನೀರು ಒಂದು ಪಕ್ಕಕ್ಕೆ ಹರಿಯುತ್ತಿದ್ದದ್ದಕ್ಕೇ ನಾನೆಸೆದ ಕಲ್ಲು ಧಪ್ ಅಂದಿತ್ತು. ಬೂಬು ಎದ್ದು ಅಭ್ಯಾಸಬಲದಿಂದ ಎಲೆ ಹರಿದು ಕೊಡಲು ಬಂದಳು. ಬ್ಯಾಡ ಬೂಬು, ಹಲ್ಲು ನೋಯ್ತಾದ ಎಂದು ಸುಳ್ಳು ಹೇಳಿ ಕತ್ತೆ ಹೊಡೆದುಕೊಂಡು ಬಂದೆ.

ಅಪ್ಪನಿಗೆ ಹೇಳಿದೆ. ಗೋಡೆಗೆ ಒರಗಿ ಕೂತು ಕೇಳಿದ. ಬೈಗುಳಕ್ಕೆ ತಯಾರಾಗಿದ್ದೆ. ಅವನು ಅಂದದ್ದು ಬೇರೆ. “ಆ ಬಾಯಿಗಿ ಕಟ್ಟಿ ಇತ್ತವ್ವ. ಛಲೋ ಕಲ್ಲಿನ ಕಟ್ಟಿ. ನಾ ಹುಡುಗ ಇದ್ದಾಗ ನಾನೇ ಕಿತ್ತು ಹೇರಿದೆ, ಯಾರದೋ ಪಾಯಕ್ಕ. ಕಲ್ಲು ಸುಮ್ನ ಬಿದ್ದದ ಅಂದ್ರು, ಒಯ್ದೆ. ಯಾರ ಮನಿ ಅಂತ ಈಗ ನೆಪ್ಪಿಲ್ಲ.” ಅದಾದ ಮೇಲೆಯೇ ಕೂತು ನೋಡುವ ನೇಮ ಹಿಡಿದನಂತೆ. ಇಷ್ಟು ವರ್ಷ ಈ ಮಾತನ್ನು ಹೇಳಿರಲಿಲ್ಲ. ನಮ್ಮ ಕಸುಬಿನ ಗುಣವೇ ಹಾಗೆ. ಯಾವುದನ್ನೂ ವ್ಯರ್ಥ ಬಿಡುವುದಿಲ್ಲ, ಒಂದು ಕಡೆ ಕಿತ್ತು ಇನ್ನೊಂದು ಕಡೆ ಇಡುತ್ತೇವೆ. ಕಿತ್ತ ಕಡೆ ಏನಾಯಿತು ಎಂದು ತಿರುಗಿ ನೋಡುವುದಿಲ್ಲ.

ಬೆಳಿಗ್ಗೆ ವ್ಯಾಪಾರಿ ಬಂದ, ಉಳಿದ ಗೋಡೆ ಯಾವಾಗ ಎಂದು ಕೇಳಲು. ಕೆಲಸ ಬಿಡುತ್ತೇನೆ ಎಂದು ಕಾರಣ ಹೇಳಿದೆ. “ಯಾರು ನೋಡ್ಯಾರ? ಸುರಂಗ ತಾನೇ ಬಿದ್ದದ ಅಂತ ಅವರೇ ಅನ್ಲಿಕತ್ತಾರ. ನೀ ಯಾಕ ಬಾಯಿ ಬಿಡ್ತಿ? ನಾಳೆ ನಿನಗ ಯಾರು ಕೆಲಸ ಕೊಡ್ತಾರ?” ಅಂದ. ಮಾತು ಸುಳ್ಳಲ್ಲ. ಊರ ನೀರು ಮುಚ್ಚಿದವಳು ಎಂದು ಹೆಸರಾದರೆ ನಮ್ಮ ಕತ್ತೆಗಳನ್ನು ಮಾರಬೇಕು. ಆದರೆ ಆ ತಣ್ಣನೆಯ ಬುದ್ಧಿ ಕೇಳಿ ನನಗೆ ಮೈ ಉರಿಯಿತು. “ನಿಮ್ಮ ಮನಿಗಿ ನಲವತ್ತು ವರ್ಷದಿಂದ ಎಲಿ ಬರೋದು ಆ ತೋಟದಿಂದನೇ ಅಲ್ಲರಿ?” ಎಂದು ಹೇಳಿ ಎದ್ದೆ. ಅವನು ಬೇರೆಯವರನ್ನು ಕರೆದುಕೊಂಡ. ಅವರು ಉಳಿದ ಮಣ್ಣನ್ನು ಗಲ್ಲಿಯ ತುದಿಯಲ್ಲೇ ಸುರಿದು ಹೋದರು, ಮಳೆ ಬಂದಾಗ ಅದು ಅವನ ಹೊಸ ಬಾಗಿಲಿಗೇ ಹರಿಯಿತು. ನನಗೆ ಸಂತೋಷವಾಯಿತು, ಯಾಕೆ ಮುಚ್ಚಿಡಲಿ.

ಬೂಬುವಿನ ಮುಂದೆ ನಿಂತು, “ನೀರು ನಾ ನಿಲ್ಲಿಸೀನಿ. ಹಾಳು ಬಾವಿ ಅಂತ ತಿಳಿದು ಮಣ್ಣು ಸುರಿದೀನಿ” ಅಂದೆ.

“ಎಷ್ಟು ಹೇರು?”

“ನೂರ ಇಪ್ಪತ್ತೆಂಟು.”

“ಸುರಿಯೋ ಮುಂಚೆ ಯಾರನ್ನಾರ ಕೇಳಿದ್ದಿ?”

“ಇಲ್ಲ.”

“ನಿಮ್ಮಪ್ಪ ಕೇಳ್ತಿದ್ದ.” ಅಷ್ಟೇ ಅಂದಳು. ಬೈಯಲಿಲ್ಲ, ಅಳಲಿಲ್ಲ. ಬಳ್ಳಿಯ ಒಂದು ಎಲೆ ಮುಟ್ಟಿ ನೋಡಿ, “ಮೂರು ದಿನ ಆತು. ಇನ್ನ ಐದು ತಡೀತಾವ, ಬಾಳಂದ್ರ ಆರು” ಎಂದು ಒಳಗೆ ಹೋದಳು.

ಆ ಹೊತ್ತಿನಿಂದಲೇ ಶುರು ಮಾಡಿದೆವು. ಸುರಿಯುವುದು ಎರಡು ದಿನದ ಕೆಲಸ, ತೆಗೆಯುವುದು ಬೇರೆ. ಆರು ಕತ್ತೆಗಳ ಮೇಲೆ ದೂರದ ಬಾವಿಯಿಂದ ಕೊಡ ಹೇರಿ ಬಳ್ಳಿಗೆ ನೀರು ಹೊರಿಸಿದೆ, ಪಕ್ಕದ ತೋಟದವರು ಅವನ್ನು ಹೊಡೆದುಕೊಂಡು ತಿರುಗಿದರು. ಸತ್ಯ ಕೇಳಿದ ಮೇಲೆ ಅವರು ನನ್ನೊಡನೆ ಮಾತು ಬಿಟ್ಟಿದ್ದರು, ಕತ್ತೆಗಳೊಡನೆ ಆಡುತ್ತಿದ್ದರು. ಉಳಿದ ಎರಡು ಕತ್ತೆ ನನ್ನ ಬಳಿ. ಬಾಯಿಯ ಮೇಲೆ ರಾಟೆ ಕಟ್ಟಿ, ಗಂಡನನ್ನು ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿದೆ. ಅವನು ಗಿಡ್ಡ ಗುದ್ದಲಿಯಿಂದ ಬುಟ್ಟಿ ತುಂಬುವುದು, ಕತ್ತೆ ಹಗ್ಗ ಎಳೆಯುವುದು, ನಾನು ಬುಟ್ಟಿ ಹಿಡಿದು ಸುರಿಯುವುದು. ಮಣ್ಣು ನೀರು ಕುಡಿದು ಒಂದಕ್ಕೆರಡು ಭಾರವಾಗಿತ್ತು. ಎರಡನೇ ದಿನಕ್ಕೆ ನನ್ನ ಅಂಗೈ ಹರಿಯಿತು. ಅರಿವೆ ಸುತ್ತಿಕೊಂಡೆ.

ಅಪ್ಪನನ್ನು ಕತ್ತೆಯ ಮೇಲೆ ಕೂಡಿಸಿ ತಂದು ನೆರಳಲ್ಲಿ ಇಳಿಸಿದ್ದೆ. ಅವನು ಕೂತಲ್ಲಿಂದಲೇ ಕೋಲು ತೋರಿಸಿ ಮಣ್ಣು ಬೇರೆ ಮಾಡಿಸಿದ. ಗೋಡೆ ಮಣ್ಣು ಒಂದು ಕಡೆ, ಜಂಬು ಕಲ್ಲಿನ ಚೂರು ಒಂದು ಕಡೆ, ಗಚ್ಚು ಒಂದು ಕಡೆ. “ಈಗ್ಯಾಕಪ್ಪ ಇದೆಲ್ಲಾ, ಬೇಗ ತೆಗೀಬೇಕಾಗ್ಯಾದ” ಎಂದು ಗುಡುಗಿದೆ. “ತೆಗೆದದ್ದು ಎಲ್ಲಿ ಇಡ್ತಿ?” ಅಂದ. ಊರಿಗೆಲ್ಲ ನಾನು ಕೇಳುವ ಮಾತು ಅದು.

ಐದನೆಯ ದಿನ ಬೂಬು ಹೇಳಿದಂತೆಯೇ ಕೆಳಗಿನ ಸಾಲುಗಳು ಬಾಡಿ ಜೋತುಬಿದ್ದವು. ಆರು ಕತ್ತೆ ಹೊತ್ತ ನೀರು ಮೇಲಿನ ಸಾಲುಗಳಿಗೇ ಸಾಲುತ್ತಿರಲಿಲ್ಲ. ಯಾವುದಕ್ಕೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಬೂಬುವೇ ತೋರಿಸಿದಳು. ಬಿಡಬೇಕಾದ ಸಾಲಿನ ಮುಂದೆ ಹೋಗುವಾಗ ಅವಳು ಮುಖ ಆ ಕಡೆ ತಿರುಗಿಸುತ್ತಿರಲಿಲ್ಲ. ನಾನು ಅದನ್ನು ನೋಡಿದೆ, ಇವತ್ತಿಗೂ ನೋಡುತ್ತಿದ್ದೇನೆ.

ಏಳನೆಯ ದಿನ ಮಧ್ಯಾಹ್ನ ಕೆಳಗಿನಿಂದ ಗಂಡ, “ಎಳಿ” ಅಂದ. ಬುಟ್ಟಿ ಎಳೆದೆ. “ಬುಟ್ಟಿ ಅಲ್ಲ, ನನಗ” ಅಂದ. ಕಟ್ಟಿ ನಿಂತ ನೀರು ಮಣ್ಣಿನ ಬುಡದಿಂದ ಸಣ್ಣಗೆ ಬುಗ್ಗೆ ಹೊಡೆಯತೊಡಗಿತ್ತು. ಅವನ ಹಗ್ಗ ಕಟ್ಟಿದ ಎರಡೂ ಕತ್ತೆಗಳನ್ನು ಹೊಡೆದು ಓಡಿಸಿದೆ. ಅವನು ಮೊಳಕೈ ತರಚಿಕೊಂಡು ಮೇಲೆ ಬಂದು ಬಿದ್ದ. ಕೆಳಗೆ ಗುಡುಗು ಸರಿದ ಹಾಗೆ ಸದ್ದಾಗಿ ಉಳಿದ ಮಣ್ಣೆಲ್ಲ ಕೊಚ್ಚಿ ಹೋಯಿತು. ಅವನು ಉಸಿರು ತಿರುಗಿಸಿಕೊಂಡು, “ಭಾಲ್ಕ್ಯಾಗ ಇಂಥಾವು ಇಲ್ಲ” ಅಂದ. ನಾನು ನಕ್ಕು, ಆಮೇಲೆ ಅತ್ತೆ.

ಮೇಲಿನ ಬಾಯಿಂದ ಹೊಟ್ಟು ಬಿಟ್ಟು ಎಲ್ಲರೂ ತೊಟ್ಟಿಯ ಬಳಿ ನಿಂತೆವು. ಮೊದಲು ಕೆಂಪು ರಾಡಿ ಬಂತು, ಬಹಳ ಹೊತ್ತು ಬಂತು. ಬಿಸಿಲು ಇಳಿಯುವ ಹೊತ್ತಿಗೆ ತಿಳಿಯಾಯಿತು. ಆಮೇಲೆ ನಾಲ್ಕು ಹೊಟ್ಟು, ಹತ್ತು ಹೊಟ್ಟು, ತೊಟ್ಟಿ ತುಂಬ ಹೊಟ್ಟು. ನಾನು ಕತ್ತೆಗಳನ್ನು ದೂರ ನಿಲ್ಲಿಸಿದ್ದೆ, ಮೊದಲು ಬಳ್ಳಿಗೆ ಹೋಗಲಿ ಎಂದು. ಬೂಬು ಬಳ್ಳಿಗೆ ಹೋಗುವ ಕಾಲುವೆಯ ಬಾಯಿಗೆ ಹಲಗೆ ಇಟ್ಟು ನೀರು ತೊಟ್ಟಿಯಲ್ಲೇ ನಿಲ್ಲಿಸಿದಳು. “ಅವಕ್ಕ ಬಿಡು. ಏಳು ದಿನ ಹೊತ್ತಾವ. ಅವೇನ್ ತಪ್ಪು ಮಾಡ್ಯಾವ?” ಅಂದಳು. ನನ್ನ ಕಡೆ ನೋಡಲಿಲ್ಲ. ಎಂಟೂ ಕತ್ತೆಗಳು ಕುಡಿದವು. ನಾನು ನಿಂತೇ ಇದ್ದೆ. ಎಲೆ ಬರಲಿಲ್ಲ.

ಹನ್ನೆರಡರಲ್ಲಿ ಐದು ಸಾಲು ಸತ್ತವು. ತೆಗೆದ ಗೋಡೆ ಮಣ್ಣನ್ನು ಅಪ್ಪ ಹೇಳಿದಂತೆ ಉಳಿದ ಏಳು ಸಾಲಿನ ಬುಡಕ್ಕೆ ಗೊಬ್ಬರವಾಗಿ ಹೊತ್ತು ಹಾಕಿದೆವು. ಚೂರು, ಗಚ್ಚು ಕೂಡಿಸಿ, ಸುಣ್ಣ ಅರೆದು, ಆ ಬಾಯಿಗೆ ಸೊಂಟಮಟ್ಟ ಕಟ್ಟೆ ಕಟ್ಟಿದೆವು. ಇನ್ನು ಯಾವ ಅವಸರಗೇಡಿಯೂ ಅದನ್ನು ಹಾಳು ಬಾವಿ ಎನ್ನಬಾರದು. ಆ ಕೆಲಸದಲ್ಲಿ ಒಂದು ಬುಟ್ಟಿಯೂ ಮಿಗಲಿಲ್ಲ. ಊರಿನವರು ಎರಡು ವರ್ಷ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ, ಭಾಲ್ಕಿಯಲ್ಲಿ ಗಂಡನ ಕಡೆಯವರು ಕರೆದರು, ಹೋಗಿ ಬಂದು ಮಾಡಿದೆವು. ಆಮೇಲೆ ಒಬ್ಬೊಬ್ಬರಾಗಿ ಮತ್ತೆ ಕರೆದರು, ಗಲ್ಲಿಗಳು ತುಂಬಿದವಲ್ಲ. ನಾನು ಕೂಡುವುದನ್ನು ಕಲಿತೆ. ಅಪ್ಪ ಹೋದ ಮೇಲೂ ಬಿಡಲಿಲ್ಲ.

ಕತ್ತೆಗಳು ದಿನಾ ಸಂಜೆ ಬೂಬುವಿನ ತೊಟ್ಟಿಯಲ್ಲೇ ಕುಡಿದವು. ಅವಳು ಒಮ್ಮೆಯೂ ತಡೆಯಲಿಲ್ಲ. ಮಾತಾಡಿದರೆ ಉತ್ತರವನ್ನೂ ಕೊಡುತ್ತಿದ್ದಳು. ಎಲೆ ಮಾತ್ರ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸಂತೆಯಲ್ಲಿ ಕೊಂಡು ತಿನ್ನುತ್ತಿದ್ದೆ, ಅದೂ ಅವಳ ತೋಟದ್ದೇ.

ಸತ್ತ ಐದು ಸಾಲಿನ ಜಾಗದಲ್ಲಿ ನೆಟ್ಟ ಹೊಸ ಬಳ್ಳಿ ಎದ್ದು ನಿಲ್ಲಲು ನಾಲ್ಕು ವರ್ಷ ಬೇಕಾಯಿತು. ಅದರ ಮುಂದಿನ ಬೇಸಿಗೆಯಲ್ಲಿ ಗೋಡೆ ಕೆಡವುವುದಿದೆ ಎಂದು ಬೂಬು ಹೇಳಿ ಕಳಿಸಿದಳು. ಮೂರು ದಿನ ಬಿಟ್ಟು ಹೋದೆ. ಅವಳ ಮನೆಯ ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತ್ತು, ಕೆಡವಿ ಕಟ್ಟಬೇಕು. ಬಾಗಿಲು ಯಾವ ದಿಕ್ಕಿಗೆ ಎಂದು ಹೇಳಲಿಲ್ಲ, ತೊಲೆಯ ಮಾತೆತ್ತಲಿಲ್ಲ. ನಾನು ಹೊಸಿಲಲ್ಲಿ ಕೂಡುವ ಮೊದಲೇ ಕೇಳಿದಳು: “ಮಣ್ಣು ಎಲ್ಲಿ ಹಾಕ್ತಿ?”

ಈ ಕಸುಬಿಗೆ ಬಿದ್ದ ಮೇಲೆ ಅದನ್ನು ಮೊದಲ ಮಾತಾಗಿ ಕೇಳಿದವಳು ಅವಳೊಬ್ಬಳೇ. ಹೇಳಿದೆ: ಗೋಡೆ ಮಣ್ಣು ನಿಮ್ಮ ಬಳ್ಳಿಗೇ, ಬಿಳಿ ಮಣ್ಣು ಜರಡಿ ಹಿಡಿದು ನಿಮ್ಮ ಮಾಳಿಗೆಗೇ, ಚೂರು ದರ್ಗಾದ ಹಿಂದಿನ ತಗ್ಗಿಗೆ.

“ಆ ತಗ್ಗಿನ ಹತ್ರ ಕೂತಿದ್ದಿ?”

“ಹೇಳಿ ಕಳಿಸಿದ್ರಿ ಅಂದಾಗಿನಿಂದ, ಮೂರು ದಿನ ಕೂತು ಬಂದೀನಿ. ಒಂದು ಆಡು ಬರ್ತದ. ಅದರ ಮುದುಕಿಗಿ ಕೇಳೀನಿ. ಹಾಕು ಅಂದಾಳ.”

ಬೂಬು ಎದ್ದು ತೋಟಕ್ಕೆ ಹೋದಳು. ಹೊಸ ಸಾಲಿನಿಂದ ಎರಡು ಎಲೆ ಹರಿದುಕೊಂಡು ಬಂದಳು. ಸುಣ್ಣ ಹಚ್ಚಿ ಎರಡನ್ನೂ ನನ್ನ ಕೈಗೇ ಇಟ್ಟಳು. ನಾನು ಅಲ್ಲೇ ಹೊಸಿಲಲ್ಲಿ ಕೂತು ತಿಂದೆ.